ಆರದ ದಣಿವು: ನೂತನ ಶುಶ್ರೂಷಕಿಯರ ಬಳಲಿಕೆಯ ಚಾರಿತ್ರಿಕ ಪರಿಶೀಲನೆ

ಆಸ್ಪತ್ರೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕಟ್ಟಡಗಳ, ದಾನಿಗಳ ಹಾಗೂ ವೈದ್ಯರ ಚರಿತ್ರೆಯನ್ನೇ ಬರೆದಿದ್ದಾರೆ. ಅಸ್ತಿಭಾರವನ್ನು ಹಾಕಿದವರಾರು, ಹಾಸಿಗೆಗಳು ಎಷ್ಟಿದ್ದುವು, ಕ್ಷಕಿರಣ ಯಂತ್ರವು ಯಾವ ವರ್ಷ ಬಂದಿತು ಎಂಬ ಸಂಗತಿಗಳು ನಮಗೆ ಸುಲಭವಾಗಿ ದೊರೆಯುತ್ತವೆ. ಆ ಹಾಸಿಗೆಗಳ ನಡುವೆ ರಾತ್ರಿಯಿಡೀ ನಡೆದಾಡಿದವರ ಚರಿತ್ರೆಯು ದೊರೆಯುವುದು ವಿರಳ. ಅದರಲ್ಲಿಯೂ ಶಿಕ್ಷಣವನ್ನು ಮುಗಿಸಿ ಮೊದಲನೆಯ ವರ್ಷದ ಕೆಲಸದಲ್ಲಿರುವ ಶುಶ್ರೂಷಕಿಯು ಯಾವ ಗ್ರಂಥದಲ್ಲಿಯೂ ಪ್ರತ್ಯೇಕವಾಗಿ ಕಾಣಿಸಿಕೊಳ್ಳುವುದಿಲ್ಲ. ಆಕೆ ವಿದ್ಯಾರ್ಥಿನಿಯಲ್ಲ, ಅನುಭವಸ್ಥೆಯೂ ಅಲ್ಲ. ಇವೆರಡರ ನಡುವಣ ಆ ಸಂಧಿಕಾಲದಲ್ಲಿ ಎಷ್ಟೋ ಜನ ಈ ವೃತ್ತಿಯನ್ನು ಬಿಟ್ಟುಹೋಗುತ್ತಾರೆ. ಇನ್ನೆಷ್ಟೋ ಜನ ವೃತ್ತಿಯಲ್ಲಿ ಉಳಿದೂ ಮನಸ್ಸಿನಿಂದ ಹೊರಟುಹೋಗಿರುತ್ತಾರೆ. ಈ ಸಂಗತಿಯನ್ನು ಜನರು ಯಾವಾಗ ಗುರುತಿಸಿದರು, ಏನೆಂದು ಕರೆದರು, ಅದರ ನಿವಾರಣೆಗಾಗಿ ಏನನ್ನು ಮಾಡಿದರು ಎಂಬುದನ್ನು ನಮ್ಮ ನಾಡಿನ ಸಂದರ್ಭದಲ್ಲಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಶಬ್ದದ ವಿಚಾರ. ಇಂಗ್ಲಿಷಿನಲ್ಲಿ ಇದಕ್ಕೆ ಬರ್ನ್‌ಔಟ್ ಎಂಬ ಹೆಸರು ರೂಢಿಯಾಗಿದೆ. ಉರಿದು ಮುಗಿಯುವುದೆಂದು ಅದರ ಅರ್ಥ. ಕನ್ನಡದಲ್ಲಿ ಬಳಲಿಕೆ, ಬೇಸರ, ಸೊರಗು, ದಣಿವು ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಇವುಗಳಲ್ಲಿ ದಣಿವು ಎಂಬ ಶಬ್ದವನ್ನು ಸ್ವಲ್ಪ ಗಮನಿಸಬೇಕು. ನಮ್ಮ ಮಾತಿನಲ್ಲಿ ದಣಿವು 'ಆರುತ್ತದೆ'. ದಣಿದವನು ನೆರಳಿನಲ್ಲಿ ಕುಳಿತು 'ದಣಿವಾರಿಸಿಕೊಳ್ಳುತ್ತಾನೆ'. ಹೊಲದಿಂದ ಬಂದ ದಣಿವು ಒಂದು ತಂಬಿಗೆ ನೀರಿಗೆ, ಒಂದು ರಾತ್ರಿಯ ನಿದ್ರೆಗೆ ಆರಿಹೋಗುವಂಥದು. ನಾವು ಇಲ್ಲಿ ಹೇಳಹೊರಟಿರುವುದಾದರೋ ಹೀಗೆ ಆರದಂಥ ದಣಿವು. ವಾರದ ರಜೆಯ ಮರುದಿನವೂ, ಊರಿಗೆ ಹೋಗಿಬಂದ ಮರುದಿನವೂ ಅದು ಹಾಗೆಯೇ ಇರುತ್ತದೆ. ಈ ಭೇದವನ್ನು ವೈದ್ಯಶಾಸ್ತ್ರವು ಬಹಳ ತಡವಾಗಿ ಕಂಡುಕೊಂಡಿತು. ಭಾಷೆಯು ಅದಕ್ಕೆ ಬೇಕಾದ ಸಾಮಗ್ರಿಯನ್ನು ಮೊದಲೇ ಇಟ್ಟುಕೊಂಡಿತ್ತು.

ನಮ್ಮ ದೃಷ್ಟಿಯ ಮುಂದಿರುವ ಪ್ರದೇಶವು ಹುನಗುಂದದ ಸೀಮೆ. ಕೃಷ್ಣೆ ಮಲಪ್ರಭೆಗಳು ಕೂಡುವ ಕೂಡಲಸಂಗಮವೂ, ಸೀರೆಯ ನೇಯ್ಗೆಗೆ ಹೆಸರಾದ ಇಳಕಲ್ಲೂ, ಇತ್ತೀಚಿನ ವರ್ಷಗಳಲ್ಲಿ ಹನಿ ನೀರಾವರಿ ಯೋಜನೆಯೊಂದರ ಮೂಲಕ ಪರಸ್ಥಳದವರಿಗೂ ಪರಿಚಿತವಾದ ಮರೋಳವೂ ಇರುವುದು ಈ ಸೀಮೆಯಲ್ಲಿಯೇ. 1956ರ ನವೆಂಬರ್ 1ರವರೆಗೆ ಇದು ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದಿತು. 1997ರಲ್ಲಿ ಬಾಗಲಕೋಟೆಯು ಪ್ರತ್ಯೇಕ ಜಿಲ್ಲೆಯಾದಾಗ ಅದರೊಳಕ್ಕೆ ಬಂದಿತು. ಮರೋಳದಂಥ ಹಳ್ಳಿಯಲ್ಲಿ ಹಿಂದೆ ಶುಶ್ರೂಷೆಯು ವೃತ್ತಿಯಾಗಿರಲಿಲ್ಲ. ಮನೆವಾರ್ತೆಯ ಒಂದು ಭಾಗವಾಗಿದ್ದಿತು. ಬಾಣಂತಿಯನ್ನು ಸೂಲಗಿತ್ತಿಯೂ, ರೋಗಿಯನ್ನು ತಾಯಿ, ಅತ್ತೆ, ಸೊಸೆಯಂದಿರೂ ನೋಡಿಕೊಳ್ಳುತ್ತಿದ್ದರು. ಆ ದುಡಿಮೆಯು ಕಡಮೆಯದೇನೂ ಆಗಿರಲಿಲ್ಲ. ಆದರೆ ಒಬ್ಬ ರೋಗಿಗೆ ನಾಲ್ವರು ಇರುತ್ತಿದ್ದರೇ ಹೊರತು ನಲವತ್ತು ರೋಗಿಗಳಿಗೆ ಒಬ್ಬಳಿರುತ್ತಿರಲಿಲ್ಲ. ಈ ಪ್ರಮಾಣವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದಿನ ಚರಿತ್ರೆಯೆಲ್ಲ ಈ ಪ್ರಮಾಣವು ತಿರುಗುಮುರುಗಾದುದರ ಚರಿತ್ರೆಯೇ ಆಗಿದೆ.

ಈ ಭಾಗದ ಜನರು ದೊಡ್ಡ ಕಾಯಿಲೆಗಳಿಗಾಗಿ ಹೋಗುತ್ತಿದ್ದ ದವಾಖಾನೆಗಳಲ್ಲಿ ಎರಡನ್ನು ವಿಶೇಷವಾಗಿ ಹೆಸರಿಸಬೇಕು. ಒಂದು, ವಿಲಿಯಂ ವಾನ್ಲೆಸ್ ಎಂಬ ವೈದ್ಯನು 1894ರಲ್ಲಿ ಮಿರಜೆಯಲ್ಲಿ ಸ್ಥಾಪಿಸಿದ ಮಿಶನ್ ಆಸ್ಪತ್ರೆ. ಇನ್ನೊಂದು, 20ನೆಯ ಶತಮಾನದ ಆದಿಭಾಗದಲ್ಲಿ ಬಾಸೆಲ್ ಮಿಶನ್ನಿನವರು ಬೆಟಗೇರಿ ಗದಗಿನಲ್ಲಿ ನಡೆಸತೊಡಗಿದ, ಜನರು ಇಂದಿಗೂ ಜರ್ಮನ್ ಆಸ್ಪತ್ರೆಯೆಂದೇ ಕರೆಯುವ ಸಂಸ್ಥೆ. ಹಳೆಯ ಮೈಸೂರಿನ ಕಡೆಗೆ ಬೆಂಗಳೂರಿನ ಸೇಂಟ್ ಮಾರ್ಥಾಸ್ (1886), ವಿಕ್ಟೋರಿಯಾ (1900), ಮೈಸೂರಿನ ಹೋಲ್ಡ್ಸ್‌ವರ್ತ್ (1906) ಆಸ್ಪತ್ರೆಗಳು ಇದೇ ಕಾಲದವು. ಮಿಶನ್ ಆಸ್ಪತ್ರೆಗಳಲ್ಲಿ ಶುಶ್ರೂಷೆಯನ್ನು ಕಲಿತ ಹುಡುಗಿಯರಲ್ಲಿ ಬಹುಪಾಲು ಕ್ರೈಸ್ತ ಸಮಾಜದವರು. ಪರರ ಮಲಮೂತ್ರಗಳನ್ನು ಮುಟ್ಟುವ, ಪರಪುರುಷರ ಮೈಯನ್ನು ಒರೆಸುವ, ರಾತ್ರಿಯ ವೇಳೆ ಮನೆಯ ಹೊರಗಿರುವ ಕೆಲಸವಾದುದರಿಂದ ಉಳಿದ ಸಮಾಜಗಳು ಇದನ್ನು ಬಹುಕಾಲ ಕೀಳಾಗಿ ಕಂಡುವು. ಕೆಲಸವು ಭಾರ, ಆ ಭಾರವನ್ನು ಹೊತ್ತವಳಿಗೆ ಮಾನವೂ ಕಡಮೆ ಎಂಬ ಇಮ್ಮಡಿ ಹೊರೆಯು ಆರಂಭದಿಂದಲೇ ಈ ವೃತ್ತಿಗೆ ಅಂಟಿಕೊಂಡಿತು.

ಆ ಆಸ್ಪತ್ರೆಗಳು ಅನುಸರಿಸಿದ ಮಾದರಿಯು ಇಂಗ್ಲೆಂಡಿನದು. ಫ್ಲಾರೆನ್ಸ್ ನೈಟಿಂಗೇಲಳು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ಶಾಲೆಯಲ್ಲಿ ಕಲಿಕೆಯೂ ದುಡಿಮೆಯೂ ಒಂದೇ ಆಗಿದ್ದುವು. ಕಲಿತವಳು ಆ ಮೇಲೆ ಕೆಲವು ವರ್ಷ ಹೇಳಿದ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕೆಂಬ ಕರಾರೂ ಇದ್ದಿತು. ಈ ಪದ್ಧತಿಯಿಂದ ಶುಶ್ರೂಷೆಗೆ ಗೌರವವೂ ಶಿಸ್ತೂ ಬಂದುವೆಂಬುದರಲ್ಲಿ ಸಂಶಯವಿಲ್ಲ. ಜೊತೆಗೆ ಆಸ್ಪತ್ರೆಗಳಿಗೆ ಅಗ್ಗದ ದುಡಿಮೆಯ ರುಚಿಯೂ ಹತ್ತಿತು. ವಾರ್ಡನ್ನು ನಡೆಸುವವರು ವಿದ್ಯಾರ್ಥಿನಿಯರು. ಅವರು ಉತ್ತೀರ್ಣರಾದೊಡನೆ ಮತ್ತೊಂದು ತಂಡ ಬರುತ್ತದೆ. ಹೀಗಿರುವಾಗ ಸಂಬಳ ಕೊಟ್ಟು ಅನುಭವಸ್ಥರನ್ನು ಇಟ್ಟುಕೊಳ್ಳುವ ಅವಶ್ಯಕತೆಯೇ ಬೀಳುವುದಿಲ್ಲ. ಅಮೆರಿಕೆಯಲ್ಲಿ 1923ರ ಗೋಲ್ಡ್‌ಮಾರ್ಕ್ ವರದಿಯು ಈ ದೋಷವನ್ನು ಎತ್ತಿ ತೋರಿಸಿತು. ಇಂಗ್ಲೆಂಡಿನಲ್ಲಿ ಲ್ಯಾನ್ಸೆಟ್ ಪತ್ರಿಕೆಯು ನೇಮಿಸಿದ ಮಂಡಲಿಯು ಹುಡುಗಿಯರು ಈ ವೃತ್ತಿಗೆ ಏಕೆ ಬರುತ್ತಿಲ್ಲವೆಂಬುದನ್ನು ವಿಚಾರಿಸಿ 1932ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಆದರೂ ಬಳಲಿದವಳನ್ನು ಕುರಿತು ಆ ಕಾಲವು ಹೇಳುತ್ತಿದ್ದ ಮಾತು ಒಂದೇ: ಆಕೆಗೆ ಸೇವಾಭಾವವು ಸಾಲದು. ದಣಿವು ಶೀಲದ ದೋಷವೆಂಬ ಈ ಮೊದಲನೆಯ ನಿದಾನವು ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ.

ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, 1943ರಲ್ಲಿ ನೇಮಕಗೊಂಡು 1946ರಲ್ಲಿ ವರದಿಯನ್ನೊಪ್ಪಿಸಿದ ಸರ್ ಜೋಸೆಫ್ ಭೋರರ ಸಮಿತಿಯು ಮೊದಲ ಬಾರಿಗೆ ಅಂಕಿಗಳನ್ನು ಮುಂದಿಟ್ಟಿತು. ಅಂದಿನ ಬ್ರಿಟಿಷ್ ಭಾರತದಲ್ಲಿದ್ದ ಶುಶ್ರೂಷಕಿಯರು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬಳು. ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ 300 ಜನರಿಗೆ ಒಬ್ಬಳಿದ್ದಳು. ಶುಶ್ರೂಷಕಿಯರ ದುಡಿಮೆಯ ಮತ್ತು ವಸತಿಯ ಸ್ಥಿತಿಯು ಶೋಚನೀಯವಾಗಿದೆಯೆಂಬುದನ್ನು ಸಮಿತಿಯು ಮುಚ್ಚಿಡಲಿಲ್ಲ. 1954ರಲ್ಲಿ ಮದರಾಸಿನ ಆರೋಗ್ಯ ಮಂತ್ರಿಗಳಾಗಿದ್ದ ಎ. ಬಿ. ಶೆಟ್ಟಿಯವರ ಅಧ್ಯಕ್ಷತೆಯ ಸಮಿತಿಯು ಇದೇ ವೃತ್ತಿಯ ಸೇವಾನಿಯಮಗಳನ್ನೂ ವೇತನವನ್ನೂ ಪರಿಶೀಲಿಸಿತು. 1987ರಲ್ಲಿ ನೇಮಕಗೊಂಡ ಉನ್ನತಾಧಿಕಾರ ಸಮಿತಿಯು ತಿರುಗಿ ಅದೇ ವಿಷಯವನ್ನು ಕೈಗೆತ್ತಿಕೊಂಡು, ವಾರಕ್ಕೆ 40 ಗಂಟೆಗಳ ದುಡಿಮೆ, ದಿನವನ್ನು ಎರಡು ತುಂಡು ಮಾಡದೆ ಒಂದೇ ಸಲಕ್ಕೆ ಮುಗಿಯುವ ಪಾಳಿ, ಆಸ್ಪತ್ರೆಯ ಸಮೀಪದಲ್ಲಿ ವಸತಿ, ಶುಶ್ರೂಷೆಗೆ ಸಂಬಂಧಪಡದ ಕೆಲಸಗಳಿಂದ ಬಿಡುಗಡೆ ಎಂಬುವನ್ನು ಶಿಫಾರಸು ಮಾಡಿತು. ಭೋರ್ ವರದಿಯಾದ ನಾಲ್ಕು ದಶಕಗಳ ಮೇಲೂ ಇವನ್ನು ಶಿಫಾರಸು ಮಾಡುವ ಪ್ರಸಂಗವು ಬಂದಿತೆಂಬುದೇ ಅವು ಆ ವರೆಗೆ ಇರಲಿಲ್ಲವೆಂಬುದಕ್ಕೆ ಸಾಕ್ಷಿ. ಚರಿತ್ರಕಾರನಿಗೆ ಶಿಫಾರಸುಗಳ ಉಪಯೋಗವು ಹೀಗೆ ಹಿಂದುಮುಂದಾಗಿಯೂ ಉಂಟು.

ಈ ಮೂರು ಸಮಿತಿಗಳೂ ಬಳಲಿಕೆಯ ಕಾರಣಗಳನ್ನು ಕಂಡುವು. ಬಳಲಿಕೆಯನ್ನು ಒಂದು ಪ್ರತ್ಯೇಕ ಸಂಗತಿಯೆಂದು ಹೆಸರಿಸಲಿಲ್ಲ. ಹೆಸರು ಬಂದುದು ಬೇರೆ ದಾರಿಯಿಂದ. 1960ರಲ್ಲಿ ಗ್ರಹಾಂ ಗ್ರೀನನು ಕಾಂಗೋ ದೇಶದ ಕುಷ್ಠಾಶ್ರಮವೊಂದನ್ನು ಹಿನ್ನೆಲೆಯಾಗಿಟ್ಟು ಬರೆದ ಕಾದಂಬರಿಯ ಹೆಸರಿನಲ್ಲಿಯೇ ಈ ಮಾತಿದೆ. ಅಲ್ಲಿ ಅದು ರೋಗವು ತನ್ನ ಆಟವನ್ನೆಲ್ಲ ಮುಗಿಸಿ ಬಿಟ್ಟುಹೋದ ಕುಷ್ಠರೋಗಿಗೆ ವೈದ್ಯರು ಕೊಡುವ ಹೆಸರು. 1974ರಲ್ಲಿ ನ್ಯೂಯಾರ್ಕಿನ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞನು ಧರ್ಮಾರ್ಥ ಚಿಕಿತ್ಸಾಲಯದ ಸ್ವಯಂಸೇವಕರಲ್ಲಿ ತಾನು ಕಂಡ ಸ್ಥಿತಿಗೆ ಇದೇ ಹೆಸರನ್ನಿಟ್ಟು ಲೇಖನವನ್ನು ಬರೆದನು. ಅತ್ಯುತ್ಸಾಹದಿಂದ ಕೆಲಸಕ್ಕೆ ಬಂದವರೇ ಮೊದಲು ಬಳಲುವರೆಂಬುದು ಆತನ ಅನುಭವ. 1981ರಲ್ಲಿ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅವರು ಇದನ್ನು ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿ, ಇದರಲ್ಲಿ ಮೂರು ಅಂಗಗಳನ್ನು ಗುರುತಿಸಿದರು: ಮನಸ್ಸಿನ ಕಸುವು ಬತ್ತುವುದು, ರೋಗಿಯನ್ನು ಮನುಷ್ಯನೆಂದು ಕಾಣದೆ ವಸ್ತುವೆಂದು ಕಾಣುವುದು, ತನ್ನ ಕೆಲಸದಿಂದ ಏನೂ ಸಾಧಿಸಿದಂತಾಗಲಿಲ್ಲವೆನಿಸುವುದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ 11ನೆಯ ವರ್ಗೀಕರಣದಲ್ಲಿ ಇದಕ್ಕೆ ಸ್ಥಾನವನ್ನು ಕೊಟ್ಟಿತಾದರೂ, ರೋಗವೆಂದು ಕರೆಯದೆ, ಕೆಲಸದ ಸ್ಥಳದಲ್ಲಿ ಬಹುಕಾಲ ನಿಭಾಯಿಸಲಾಗದೆ ಉಳಿದ ಒತ್ತಡದಿಂದ ಹುಟ್ಟುವ ವೃತ್ತಿಸಂಬಂಧದ ಸಂಗತಿಯೆಂದು ಕರೆಯಿತು. ಈ ಎಚ್ಚರದ ಮಾತು ನಮ್ಮ ದೃಷ್ಟಿಯಲ್ಲಿ ಬಹು ಮುಖ್ಯವಾದುದು. ರೋಗವೆಂದರೆ ಔಷಧವು ರೋಗಿಗೆ. ವೃತ್ತಿಯ ಸಂಗತಿಯೆಂದರೆ ಔಷಧವು ವೃತ್ತಿಗೆ.

ಶುಶ್ರೂಷಕಿಯರ ವಿಷಯದಲ್ಲಿ ಇದಕ್ಕಿಂತ ಮೊದಲೇ ಒಂದು ಸೂಕ್ಷ್ಮವಾದ ಅಧ್ಯಯನವು ನಡೆದಿತ್ತು. ಇಸಬೆಲ್ ಮೆಂಜಿಸ್ ಎಂಬ ವಿದುಷಿಯು ಲಂಡನ್ನಿನ ಬೋಧನಾಸ್ಪತ್ರೆಯೊಂದನ್ನು ಪರಿಶೀಲಿಸಿ 1960ರಲ್ಲಿ ಪ್ರಕಟಿಸಿದ ಲೇಖನವು ಇಂದಿಗೂ ಓದತಕ್ಕದ್ದಾಗಿದೆ. ಅಲ್ಲಿ ಸುಮಾರು ಮೂರನೆಯ ಒಂದು ಪಾಲು ವಿದ್ಯಾರ್ಥಿನಿಯರು ಶಿಕ್ಷಣವನ್ನು ಮುಗಿಸದೆಯೇ ಹೊರಟುಹೋಗುತ್ತಿದ್ದರು. ಸಾವು, ನೋವು, ಹೇಸಿಕೆ ಇವುಗಳ ಸನ್ನಿಧಿಯಲ್ಲಿ ಹುಟ್ಟುವ ತಳಮಳವನ್ನು ಎದುರಿಸಲಾರದೆ ಆಸ್ಪತ್ರೆಯೇ ಒಂದು ಕವಚವನ್ನು ಕಟ್ಟಿಕೊಂಡಿದೆಯೆಂದು ಆಕೆ ತೋರಿಸಿದಳು. ರೋಗಿಯನ್ನು ಹೆಸರಿನಿಂದ ಕರೆಯದೆ ಹಾಸಿಗೆಯ ಸಂಖ್ಯೆಯಿಂದಲೋ ಕೆಟ್ಟ ಅಂಗದಿಂದಲೋ ಕರೆಯುವುದು. ಒಬ್ಬ ರೋಗಿಯ ಸಕಲ ಆರೈಕೆಯನ್ನು ಒಬ್ಬಳಿಗೆ ವಹಿಸದೆ, ಒಬ್ಬಳು ಎಲ್ಲರ ಜ್ವರವನ್ನು ನೋಡುವುದು, ಇನ್ನೊಬ್ಬಳು ಎಲ್ಲರ ಹಾಸಿಗೆಯನ್ನು ಸರಿಪಡಿಸುವುದು ಎಂಬಂತೆ ಕೆಲಸವನ್ನು ಚೂರುಮಾಡಿ ಹಂಚುವುದು. ನಿಯಮವಿದೆಯೆಂದು ಮಲಗಿದ ರೋಗಿಯನ್ನು ಎಬ್ಬಿಸಿ ನಿದ್ರೆಯ ಮಾತ್ರೆಯನ್ನು ಕೊಡುವುದು ಇವೆಲ್ಲ ಆ ಕವಚದ ಎಳೆಗಳು. ಇದರಿಂದ ತಳಮಳವು ಮರೆಯಾಗುತ್ತದೆ, ನಿಜ. ಅದರೊಡನೆ ಆ ಹುಡುಗಿಯು ಯಾವುದಕ್ಕಾಗಿ ಈ ವೃತ್ತಿಗೆ ಬಂದಳೋ ಆ ಸಂತೋಷವೂ ಮರೆಯಾಗುತ್ತದೆ. ಬಿಟ್ಟುಹೋದವರು ಅಶಕ್ತರೆಂದು ಹೇಳಲಾಗದು; ಹೆಚ್ಚು ಸಂವೇದನೆಯುಳ್ಳವರೇ ಹೋಗುತ್ತಿರಬಹುದೆಂದು ಮೆಂಜಿಸಳು ಸೂಚಿಸಿದಳು. ಶೀಲದ ದೋಷವೆಂಬ ಹಳೆಯ ನಿದಾನಕ್ಕೆ ಇದಕ್ಕಿಂತ ಬಲವಾದ ಉತ್ತರವನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಹೊಸಬರ ಮೊದಲನೆಯ ವರ್ಷವನ್ನೇ ವಿಷಯವಾಗಿಟ್ಟುಕೊಂಡವಳು ಅಮೆರಿಕೆಯ ಮಾರ್ಲೀನ್ ಕ್ರೇಮರ್. ಫ್ರಾಯ್ಡೆನ್‌ಬರ್ಗರನ ಲೇಖನವು ಬಂದ 1974ರಲ್ಲಿಯೇ ಆಕೆಯ ಗ್ರಂಥವೂ ಬಂದಿತು. ಶಾಲೆಯಲ್ಲಿ ಕಲಿತ ಶುಶ್ರೂಷೆ ಒಂದು, ವಾರ್ಡಿನಲ್ಲಿ ನಡೆಯುವ ಶುಶ್ರೂಷೆ ಇನ್ನೊಂದು. ಇವೆರಡರ ನಡುವಣ ಅಂತರವನ್ನು ಕಂಡಾಗ ಹೊಸಬಳಿಗೆ ಆಗುವ ಆಘಾತವನ್ನು ಆಕೆ ನಾಲ್ಕು ಘಟ್ಟಗಳಲ್ಲಿ ವಿವರಿಸಿದಳು. ಮೊದಲು ಎಲ್ಲವೂ ಚೆನ್ನಾಗಿ ಕಾಣುವ ಹೊಸತನದ ದಿನಗಳು. ಆ ಮೇಲೆ ಆಘಾತ. ಅದರ ಮೇಲೆ ಚೇತರಿಕೆ. ಕಡೆಗೆ ಒಂದು ಇತ್ಯರ್ಥ. ಆ ಇತ್ಯರ್ಥವು ಒಳ್ಳೆಯದೇ ಆಗಬೇಕೆಂದಿಲ್ಲ. ಕೆಲವರು ಕಲಿತುದನ್ನು ಕೈಬಿಟ್ಟು ವಾರ್ಡಿನ ರೂಢಿಗೆ ಶರಣಾಗುತ್ತಾರೆ, ಕೆಲವರು ಕೆಲಸವನ್ನೇ ಬಿಡುತ್ತಾರೆ, ಕೆಲವರು ಎರಡನ್ನೂ ಹೊಂದಿಸಿಕೊಂಡು ನಿಲ್ಲುತ್ತಾರೆ. ಆಕೆ ಸೂಚಿಸಿದ ಉಪಾಯವು ಸರಳವಾದುದು: ಆ ಆಘಾತವನ್ನು ಕಾಲೇಜಿನಲ್ಲಿದ್ದಾಗಲೇ ಸ್ವಲ್ಪ ಸ್ವಲ್ಪವಾಗಿ ತೋರಿಸಿ ಪರಿಚಯಮಾಡಿಸಬೇಕು. ಬೋಧಕರಾದ ನಮ್ಮ ವಾಚಕರು ಗಮನಿಸಬೇಕಾದ ಸಂಗತಿಯಿದು. ಆರು ರೋಗಿಗಳ ಆರೈಕೆಯ ಯೋಜನೆಯನ್ನು ಅಂದವಾಗಿ ಬರೆಯಲು ನಾವು ಕಲಿಸುತ್ತೇವೆ. ಮೂವತ್ತು ಜನರ ನಡುವೆ ಮೊದಲು ಯಾರ ಬಳಿಗೆ ಹೋಗಬೇಕೆಂಬುದನ್ನು, ಯಾರನ್ನು ಕಾಯಿಸಬಹುದೆಂಬುದನ್ನು ಕಲಿಸುವುದು ಕಡಮೆ.

ಈಗ ಕನ್ನಡನಾಡಿನ ಹೆಣ್ಣುಮಗಳೊಬ್ಬಳ ಹೆಸರನ್ನು ಇಲ್ಲಿ ತರದೆ ಮುಂದುವರಿಯಲಾಗದು. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಗೆ ಹೋಗಿ ಕೆ. ಇ. ಎಂ. ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಅರುಣಾ ಶಾನಭಾಗರ ಮೇಲೆ 1973ರ ನವೆಂಬರ್ 27ರಂದು, ಕೆಲಸ ಮುಗಿಸಿ ಬಟ್ಟೆ ಬದಲಾಯಿಸುತ್ತಿದ್ದಾಗ, ಅಲ್ಲಿಯ ಕೆಲಸಗಾರನೊಬ್ಬನು ಕ್ರೂರವಾದ ಆಕ್ರಮಣವನ್ನು ಮಾಡಿದನು. ಆಗ ಆಕೆಗೆ 25ರ ಪ್ರಾಯ. ಮೆದುಳಿಗೆ ಪೆಟ್ಟುಬಿದ್ದು ಚೇತನವನ್ನು ಕಳೆದುಕೊಂಡ ಆಕೆ 2015ರ ಮೇ 18ರವರೆಗೆ ಅದೇ ಆಸ್ಪತ್ರೆಯಲ್ಲಿ ಉಳಿದಳು. ಆ ಘಟನೆಯಾದೊಡನೆ ಮುಂಬಯಿಯ ಶುಶ್ರೂಷಕಿಯರು ಮುಷ್ಕರವನ್ನು ಹೂಡಿ ತಮ್ಮ ಕೆಲಸದ ಸ್ಥಿತಿಗತಿಗಳ ಸುಧಾರಣೆಯನ್ನು ಕೇಳಿದರು. ಬಳಲಿಕೆಯನ್ನು ಕುರಿತ ಶಾಸ್ತ್ರಗ್ರಂಥಗಳಲ್ಲಿ ಭಯವೆಂಬ ಅಂಶಕ್ಕೆ ದೊರೆಯುವ ಸ್ಥಳವು ಅಲ್ಪ. ರಾತ್ರಿಪಾಳಿಗೆ ಹೋಗುವ ದಾರಿಯಲ್ಲಿ ದೀಪವಿಲ್ಲದಿರುವುದು, ಬಟ್ಟೆ ಬದಲಾಯಿಸಲು ಬಾಗಿಲುಳ್ಳ ಕೋಣೆಯಿಲ್ಲದಿರುವುದು ಇವು ದಿನದಿನವೂ ಮನಸ್ಸಿನಿಂದ ಒಂದಿಷ್ಟು ಕಸುವನ್ನು ಕಿತ್ತುಕೊಳ್ಳುವ ಸಂಗತಿಗಳೇ ಆಗಿವೆ.

ಆದರೆ ಈ ಚರಿತ್ರೆಗೆ ಇನ್ನೊಂದು ಮುಖವುಂಟು. ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಆಕೆಯನ್ನು ಆ ಆಸ್ಪತ್ರೆಯ ಶುಶ್ರೂಷಕಿಯರು ತಲೆಮಾರಿನಿಂದ ತಲೆಮಾರಿಗೆ ನೋಡಿಕೊಂಡು ಬಂದರು. ದಯಾಮರಣದ ಅರ್ಜಿಯನ್ನು ಕುರಿತು ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು ತೀರ್ಪು ಕೊಟ್ಟಾಗ ಅವರ ಆರೈಕೆಯನ್ನು ವಿಶೇಷವಾಗಿ ಕೊಂಡಾಡಿತು. ಚೇತರಿಸಿಕೊಳ್ಳುವ ಆಸೆಯೇ ಇಲ್ಲದ ರೋಗಿಯ ಸೇವೆಗಿಂತ ಬಳಲಿಸುವ ಕೆಲಸವು ಇನ್ನಾವುದು? ಆದರೂ ಅವರು ಆಕೆಯನ್ನು ಬಿಟ್ಟುಕೊಡಲೊಪ್ಪಲಿಲ್ಲ. ನಾವು ಇದರಿಂದ ತಿಳಿಯುವುದೇನೆಂದರೆ, ಸೇವೆಯ ಭಾರವೊಂದೇ ಮನುಷ್ಯರನ್ನು ಬತ್ತಿಸುವುದಿಲ್ಲ. ಹಲವರು ಹಂಚಿಕೊಂಡ, ತಮ್ಮದೆಂದು ಒಪ್ಪಿಕೊಂಡ, ಹೆಸರುಳ್ಳ ಒಬ್ಬ ವ್ಯಕ್ತಿಯ ಸೇವೆಯು ಬಹುಕಾಲ ನಿಲ್ಲಬಲ್ಲುದು. ಹೆಸರಿಲ್ಲದ ನಲವತ್ತು ಹಾಸಿಗೆಗಳ ಸೇವೆಯು ಆರು ತಿಂಗಳಲ್ಲಿಯೇ ಮುರಿಯಬಲ್ಲುದು.

ಮುಂದಿನ ಕಾಲದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪನೆಯಾದ ಮೇಲಣ ವರ್ಷಗಳಲ್ಲಿ ಕರ್ನಾಟಕದಲ್ಲಿ ಶುಶ್ರೂಷಾ ಕಾಲೇಜುಗಳು ನೂರುಗಟ್ಟಲೆ ಹುಟ್ಟಿಕೊಂಡುವು. ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬಂದರು. ಹಿಂದೆ ಮಿರಜೆಗೋ ಗದಗಿಗೋ ಹೋಗಬೇಕಾಗಿದ್ದ ನಮ್ಮ ಸೀಮೆಯ ಹುಡುಗಿಗೆ ಬಾಗಲಕೋಟೆಯಲ್ಲಿಯೇ ಈ ಶಿಕ್ಷಣವು ದೊರೆಯುವಂತಾಯಿತು. ಕಾಲೇಜುಗಳು ಬೆಳೆದ ಪ್ರಮಾಣದಲ್ಲಿ ಒಳ್ಳೆಯ ಕೆಲಸಗಳು ಬೆಳೆಯಲಿಲ್ಲ. ಸಾಲಮಾಡಿ ಓದಿದವಳು ಸಿಕ್ಕಿದ ಸಂಬಳಕ್ಕೆ ಒಪ್ಪಿ, ಮೂಲ ಪ್ರಮಾಣಪತ್ರಗಳನ್ನು ಆಸ್ಪತ್ರೆಯ ವಶಕ್ಕೊಪ್ಪಿಸಿ, ಇಷ್ಟು ವರ್ಷ ಬಿಡುವುದಿಲ್ಲವೆಂದು ಬಾಂಡ್ ಬರೆದುಕೊಡುವ ಪದ್ಧತಿಯು ದೇಶದ ಹಲವು ಖಾಸಗಿ ಆಸ್ಪತ್ರೆಗಳಲ್ಲಿ ಬೇರೂರಿತು. ನೈಟಿಂಗೇಲಳ ಕಾಲದ ಕರಾರು ಹೀಗೆ ಬೇರೊಂದು ವೇಷದಲ್ಲಿ ತಿರುಗಿಬಂದಿತೆನ್ನಬಹುದು. 2011 ಮತ್ತು 2012ರಲ್ಲಿ ದೆಹಲಿ, ಮುಂಬಯಿ, ಕೇರಳಗಳಲ್ಲಿ ನಡೆದ ಶುಶ್ರೂಷಕರ ಮುಷ್ಕರಗಳ ಹಿಂದೆ ಇದ್ದುದು ಈ ಬಾಂಡೂ ಈ ಸಂಬಳವೂ. 2016ರ ಜನವರಿ 29ರಂದು ಸುಪ್ರೀಂ ಕೋರ್ಟು ಈ ಬಗ್ಗೆ ಸಮಿತಿಯೊಂದನ್ನು ನೇಮಿಸಲು ಕೇಂದ್ರ ಸರಕಾರಕ್ಕೆ ಆದೇಶವನ್ನಿತ್ತಿತು. 50 ಹಾಸಿಗೆಗಳಿಗಿಂತ ಚಿಕ್ಕದಾದ ಖಾಸಗಿ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಮೆ ಸಂಬಳವಿರಕೂಡದೆಂದೂ, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದಲ್ಲಿ ಅದು ಸರಕಾರಿ ಸಂಬಳಕ್ಕೆ ಸಮನಾಗಿರಬೇಕೆಂದೂ ಆ ಸಮಿತಿಯು ಹೇಳಿತು. ಅದೇ ವರ್ಷ ಕೇಂದ್ರ ಸರಕಾರದ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಎಂಬ ಹುದ್ದೆಯ ಹೆಸರು ಶುಶ್ರೂಷಾಧಿಕಾರಿ ಎಂದಾಯಿತು. ಹೆಸರು ದೊಡ್ಡದಾದುದು ಸಂತೋಷದ ವಿಷಯ. ಪಾಳಿಯಲ್ಲಿ ಜನರು ಹೆಚ್ಚಾಗಿದ್ದರೆ ಇನ್ನೂ ಸಂತೋಷವಾಗುತ್ತಿತ್ತು.

2020 ಮತ್ತು 2021ರ ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಆಗತಾನೆ ಉತ್ತೀರ್ಣರಾದವರೂ, ಕಡೆಯ ವರ್ಷದ ವಿದ್ಯಾರ್ಥಿಗಳೂ ನೇರವಾಗಿ ವಾರ್ಡುಗಳಿಗೆ ಬಂದರು. ಕ್ರೇಮರಳು ಹೇಳಿದ ಹೊಸತನದ ದಿನಗಳು ಅವರ ಪಾಲಿಗೆ ಬರಲೇ ಇಲ್ಲ. ಮೊದಲ ದಿನವೇ ಆಘಾತ. 2020ರ ಮೇ ತಿಂಗಳಲ್ಲಿ ನೂರಕ್ಕೂ ಹೆಚ್ಚು ಜನ ಮಣಿಪುರದ ಶುಶ್ರೂಷಕಿಯರು ಕಲ್ಕತ್ತೆಯ ಆಸ್ಪತ್ರೆಗಳನ್ನು ತೊರೆದು ಊರಿಗೆ ಮರಳಿದುದನ್ನು ಪತ್ರಿಕೆಗಳು ವರದಿಮಾಡಿದುವು. ಚಪ್ಪಾಳೆ, ದೀಪ, ಪುಷ್ಪವೃಷ್ಟಿಗಳ ಗೌರವವು ದೊಡ್ಡದೇ ಸರಿ. ಎಂಟು ಗಂಟೆಗಳ ಕಾಲ ರಕ್ಷಾಕವಚದೊಳಗೆ ನೀರು ಕುಡಿಯದೆ ಇರುವವಳಿಗೆ ಬೇಕಾಗಿದ್ದುದು ಒಂಬತ್ತನೆಯ ಗಂಟೆಗೆ ಬಂದು ಬಿಡಿಸುವ ಇನ್ನೊಬ್ಬಳು.

ಇಷ್ಟು ಚರಿತ್ರೆಯನ್ನು ಕಂಡ ಮೇಲೆ ಈ ಬಳಲಿಕೆಯನ್ನು ಗುರುತಿಸುವುದು ಹೇಗೆಂಬ ಪ್ರಶ್ನೆಗೆ ಬರಬಹುದು. ಕೆಲಸಕ್ಕೆ ಹೊರಡುವ ಹೊತ್ತಿಗೆ ಹೊಟ್ಟೆಯಲ್ಲಿ ಸಂಕಟ, ಮಲಗಿದರೂ ಬಾರದ ನಿದ್ರೆ, ಪಾಳಿ ಮುಗಿದು ಕೋಣೆಗೆ ಬಂದ ಮೇಲೂ ಯಾವ ಔಷಧವನ್ನೋ ಕೊಡಲು ಮರೆತೆನೇನೋ ಎಂಬ ತಳಮಳ ಇವು ಮೊದಲ ತಿಂಗಳುಗಳಲ್ಲಿ ಬಹುಮಂದಿಗೆ ಉಂಟಾಗುವಂಥವು, ಇಷ್ಟರಿಂದಲೇ ಗಾಬರಿಪಡಬೇಕಾಗಿಲ್ಲ. ಇವು ತಿಂಗಳುಗಳು ಕಳೆದರೂ ಇಳಿಯದೆ ಏರುತ್ತಲೇ ಹೋದರೆ ಎಚ್ಚರಗೊಳ್ಳಬೇಕು. ತಳಮಳವು ಹೋಗಿ ಅದರ ಸ್ಥಾನದಲ್ಲಿ ಏನೂ ಅನ್ನಿಸದ ಒಂದು ಮರವಟ್ಟ ಸ್ಥಿತಿಯು ಬಂದರೆ ಅದು ಹೆಚ್ಚಿನ ಅಪಾಯದ ಗುರುತು. ಮೊದಲು ರೋಗಿಯನ್ನು 'ಅಜ್ಜಾ', 'ಯವ್ವಾ' ಎಂದು ಕರೆಯುತ್ತಿದ್ದವಳು ಈಗ ಹಾಸಿಗೆಯ ಸಂಖ್ಯೆಯನ್ನಷ್ಟೇ ಹೇಳುತ್ತಾಳೆ. ರೋಗಿಯ ಕಡೆಯವರು ಏನನ್ನಾದರೂ ಕೇಳಿದರೆ ಸಿಡುಕುತ್ತಾಳೆ. ಅಥವಾ, ಇದು ಕಣ್ಣಿಗೆ ಬೀಳುವುದು ಕಷ್ಟ, ಸಿಡುಕುವುದನ್ನೂ ಬಿಟ್ಟು ಯಂತ್ರದಂತೆ ಉತ್ತರ ಕೊಡುತ್ತಾಳೆ. ಜೊತೆಯವರೊಡನೆ ಊಟಕ್ಕೆ ಕೂಡುವುದಿಲ್ಲ. ಸಣ್ಣ ತಪ್ಪುಗಳು ಹೆಚ್ಚುತ್ತವೆ. ಹೇಳಿದರೆ ಬೈಗಳು ಬೀಳುವುದೆಂದು ಅವನ್ನು ಮುಚ್ಚಿಡುತ್ತಾಳೆ. ಚೆನ್ನಾಗಿ ಓದಿದ, ಯಾವ ಕೆಲಸಕ್ಕೂ ಒಲ್ಲೆನೆನ್ನದ, ಎಲ್ಲರ ಪಾಳಿಯನ್ನೂ ತಾನೇ ಮಾಡಿಕೊಡುವ ಹುಡುಗಿಯ ಮೇಲೆ ವಿಶೇಷವಾಗಿ ಕಣ್ಣಿಡಬೇಕು. ಫ್ರಾಯ್ಡೆನ್‌ಬರ್ಗರನ ಮಾತು ಇಲ್ಲಿ ನೆನಪಿಗೆ ಬರುತ್ತದೆ. ಶುಶ್ರೂಷಕರಾದ ಗಂಡುಮಕ್ಕಳ ವಿಷಯದಲ್ಲಿಯೂ ಇದೆಲ್ಲವೂ ನಿಜ. ಅವರು ಬಾಯಿಬಿಟ್ಟು ಹೇಳುವುದು ಮಾತ್ರ ಇನ್ನೂ ಕಡಮೆ. ಬದುಕೇ ಬೇಡವೆಂಬ ಮಾತು ಬಂದರೆ, ಕೆಲಸದ ಹೊರಗೂ ಯಾವುದರಲ್ಲಿಯೂ ರುಚಿಯಿಲ್ಲದಂತಾದರೆ, ಅದನ್ನು ಬಳಲಿಕೆಯೆಂದು ಬಿಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್ 10ರಿಂದ ನಡೆದುಬಂದಿರುವ ಟೆಲಿ ಮಾನಸ್ ಎಂಬ ಸರಕಾರದ ದೂರವಾಣಿ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ದೊರೆಯುತ್ತದೆ.

ನಿವಾರಣೆಯ ವಿಷಯದಲ್ಲಿ ನಾವು ಮೊದಲು ಲೆಕ್ಕವನ್ನು ಮುಂದಿಡಬಯಸುತ್ತೇವೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಮಾಣವು ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಪಾಳಿಯೊಂದಕ್ಕೆ 3 ರೋಗಿಗಳಿಗೆ ಒಬ್ಬಳು, ಇತರ ಆಸ್ಪತ್ರೆಗಳಲ್ಲಿ 5 ರೋಗಿಗಳಿಗೆ ಒಬ್ಬಳು. ಇದರ ಮೇಲೆ ರಜೆಗಾಗಿ ನೂರಕ್ಕೆ 30ರಷ್ಟು ಹೆಚ್ಚು ಜನ. ಸಾಮಾನ್ಯ ಆಸ್ಪತ್ರೆಯ 30 ಹಾಸಿಗೆಗಳ ಒಂದು ವಾರ್ಡಿಗೆ ಈ ಪ್ರಕಾರ ಪಾಳಿಗೆ 6 ಜನ, ಮೂರು ಪಾಳಿಗೆ 18 ಜನ, ರಜೆಯ ಪಾಲು ಸೇರಿ 23 ಅಥವಾ 24 ಜನ ಬೇಕು. ವಾಚಕರು ತಮಗೆ ಪರಿಚಯವಿರುವ ಯಾವುದಾದರೂ ವಾರ್ಡಿಗೆ ರಾತ್ರಿಯ ವೇಳೆ ಹೋಗಿ ಎಣಿಸಿ ನೋಡಬಹುದು. ಲಿಂಡಾ ಐಕೆನ್ ಮತ್ತು ಸಂಗಡಿಗರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ 10,184 ಶುಶ್ರೂಷಕರನ್ನು ವಿಚಾರಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬಳ ಪಾಲಿಗೆ ಒಬ್ಬೊಬ್ಬ ರೋಗಿಯು ಹೆಚ್ಚಿದಂತೆ ಬಳಲಿಕೆಯ ಸಂಭವವು ನೂರಕ್ಕೆ 23ರಷ್ಟು, ಶಸ್ತ್ರಚಿಕಿತ್ಸೆಯಾದ ರೋಗಿಯು 30 ದಿನಗಳೊಳಗೆ ಸಾಯುವ ಸಂಭವವು ನೂರಕ್ಕೆ 7ರಷ್ಟು ಏರುವುದೆಂದು ಕಂಡುಬಂದಿತು. ಶುಶ್ರೂಷಕಿಯ ಬಳಲಿಕೆಯು ಆಕೆಯೊಬ್ಬಳ ದುಃಖವಾಗಿ ಉಳಿಯುವುದಿಲ್ಲವೆಂಬುದಕ್ಕೆ ಇದು ಪ್ರಮಾಣ. ಯೋಗಾಭ್ಯಾಸದ ಶಿಬಿರವನ್ನು ನಡೆಸಿ ಪಾಳಿಯ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಪ್ರಯೋಜನವು ಅತ್ಯಲ್ಪವೆಂದು ನಮ್ಮ ಅಭಿಪ್ರಾಯ.

ಎರಡನೆಯದು ಜೊತೆ. ಹೊಸದಾಗಿ ಬಂದವಳಿಗೆ ಅನುಭವಸ್ಥಳಾದ ಒಬ್ಬಳನ್ನು ಹೆಸರು ಹೇಳಿ ಜೋಡಿಸುವ ಪದ್ಧತಿಯು ಇಂಗ್ಲೆಂಡಿನಲ್ಲಿ 1990ರ ದಶಕದ ಆದಿಯಿಂದ ಪ್ರಚಾರಕ್ಕೆ ಬಂದಿತು. ಅಮೆರಿಕೆಯ ಹಲವು ಆಸ್ಪತ್ರೆಗಳಲ್ಲಿ ಇಡೀ ಒಂದು ವರ್ಷದ ಇಂಥ ವ್ಯವಸ್ಥೆಯಿದೆ. ನಮ್ಮ ಸೀಮೆಯ ನೇಕಾರನಿಗೆ ಇದು ಹೊಸದಾಗಿ ಕಾಣಲಾರದು. ಇಳಕಲ್ಲಿನ ಮಗ್ಗದ ಮನೆಯಲ್ಲಿ ಕಲಿಯುವವನನ್ನು ಮೊದಲ ದಿನವೇ ಸೆರಗಿನ ಕೆಲಸಕ್ಕೆ ಕೂಡಿಸುವುದಿಲ್ಲ. ಬಲ್ಲವನು ಪಕ್ಕದಲ್ಲಿದ್ದು ಎಳೆ ತಪ್ಪಿದಾಗ ತೋರಿಸಿಕೊಡುತ್ತಾನೆ. ಎಳೆ ತಪ್ಪಿದರೆ ಸೀರೆ ಕೆಡುತ್ತದೆ. ಇಲ್ಲಿ ಕೆಡುವುದು ಜೀವ. ಹೀಗಿದ್ದೂ ಹೊಸ ಶುಶ್ರೂಷಕಿಯನ್ನು ಮೊದಲ ತಿಂಗಳಲ್ಲಿಯೇ ರಾತ್ರಿಯ ವಾರ್ಡಿಗೆ ಒಬ್ಬಳನ್ನೇ ಬಿಡುವ ರೂಢಿಯುಂಟು. ಇದೊಂದನ್ನು ನಿಲ್ಲಿಸಿದರೂ ಬಹಳ ಸಾಧಿಸಿದಂತಾಗುವುದು. ಮೊದಲ ಸಾವನ್ನು ಕಂಡ ದಿನ ಆಕೆಯೊಡನೆ ಹತ್ತು ನಿಮಿಷ ಕುಳಿತು ಮಾತನಾಡುವ ಒಬ್ಬ ಹಿರಿಯಳು ಇರಬೇಕು. ತಪ್ಪನ್ನು ಹೇಳಿಕೊಂಡರೆ ರೋಗಿಗಳೆದುರಿನಲ್ಲಿ ಅವಮಾನವಾಗದೆಂಬ ಭರವಸೆಯಿರಬೇಕು. ರಾತ್ರಿಪಾಳಿಯ ಮರುದಿನ ಬೆಳಗಿನ ಪಾಳಿಯನ್ನು ಹಾಕದಿರುವುದು, ಪಟ್ಟಿಯನ್ನು ಎರಡು ವಾರ ಮೊದಲೇ ತಿಳಿಸುವುದು, ನಡುರಾತ್ರಿಯಲ್ಲಿ ಬಿಸಿ ಊಟ, ಬೀಗವಿರುವ ಕೋಣೆ ಇವು ಖರ್ಚಿನ ಬಾಬುಗಳೇ ಅಲ್ಲವೆನ್ನಬೇಕು.

ಇಲ್ಲಿ ಒಂದು ಮಾತನ್ನು ಪ್ರಸಂಗವಶಾತ್ ಹೇಳಬೇಕಾಗಿದೆ. ಕೂಡಲಸಂಗಮದ ಸೀಮೆಯಲ್ಲಿ ದುಡಿಮೆಯ ಮಾತು ಬಂದಾಗಲೆಲ್ಲ ಕಾಯಕದ ಆದರ್ಶವನ್ನು ಎತ್ತಿ ಹೇಳುವುದು ವಾಡಿಕೆ. ಬಳಲಿದ ಶುಶ್ರೂಷಕಿಗೂ ಇದನ್ನೇ ಉಪದೇಶಿಸುತ್ತಾರೆ. ಆದರೆ ಶರಣರ ಕಾಯಕವು ಅಳತೆಯುಳ್ಳದ್ದಾಗಿತ್ತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆತನ ಪತ್ನಿ ಲಕ್ಕಮ್ಮನು ಅದನ್ನೊಪ್ಪದೆ, ಹೆಚ್ಚಾದುದನ್ನು ತಿರುಗಿ ಚೆಲ್ಲಿಬರುವಂತೆ ಹೇಳಿದ ಕಥೆಯು ಎಲ್ಲರಿಗೂ ತಿಳಿದುದೇ ಆಗಿದೆ. ನಾಲ್ವರ ಕಾಯಕವನ್ನು ಒಬ್ಬಳಿಂದ ಮಾಡಿಸಿ ಅದಕ್ಕೆ ಕಾಯಕವೆಂದು ಹೆಸರಿಡುವುದನ್ನು ಲಕ್ಕಮ್ಮನು ಒಪ್ಪುತ್ತಿದ್ದಳೆಂದು ನಮಗೆ ತೋರುವುದಿಲ್ಲ.

1947ರ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾನೂನಿನ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ತರುವ ಕಾನೂನು 2023ರಲ್ಲಿ ಸಂಸತ್ತಿನಲ್ಲಿ ಅಂಗೀಕೃತವಾಗಿದೆ. ಆಯೋಗವು ಪಠ್ಯಕ್ರಮವನ್ನೂ ನೋಂದಣಿಯನ್ನೂ ನೋಡಿಕೊಳ್ಳುವುದು. ಉತ್ತೀರ್ಣಳಾದ ಮೇಲಣ ಮೊದಲ ವರ್ಷವನ್ನು ನೋಡಿಕೊಳ್ಳುವ ಕೆಲಸವಾದರೋ ಸದ್ಯಕ್ಕೆ ಆಯಾ ಆಸ್ಪತ್ರೆಯ ಮೇಟ್ರನ್ನಿನ ಒಳ್ಳೆಯತನಕ್ಕೆ ಬಿಟ್ಟದ್ದಾಗಿದೆ.

ಚರಿತ್ರೆಯ ವಿಭಾಗದವರಾದ ನಾವು ಇಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವುಂಟು. ಆಸ್ಪತ್ರೆಗಳ ಪಾಳಿಯ ಪಟ್ಟಿಗಳನ್ನು ವರ್ಷ ಕಳೆದೊಡನೆ ರದ್ದಿಗೆ ಹಾಕುತ್ತಾರೆ. ಇವು ದಾನಶಾಸನಗಳಷ್ಟೇ ಬೆಲೆಯುಳ್ಳ ಆಧಾರಗಳೆಂದು ನಾವು ತಿಳಿಯುತ್ತೇವೆ. ಬಾಗಲಕೋಟೆ, ವಿಜಾಪುರ, ಗದಗ, ಮಿರಜೆಗಳ ಹಳೆಯ ದವಾಖಾನೆಗಳ ಅಟ್ಟಗಳಲ್ಲಿ ಅಂಥ ಪುಸ್ತಕಗಳು ಉಳಿದಿದ್ದರೆ ಅವನ್ನು ಪ್ರತಿಮಾಡಿಕೊಳ್ಳಲು ನಮ್ಮ ವಿದ್ಯಾರ್ಥಿಗಳು ಹೊರಡಬೇಕು. ಒಂದು ತಿಂಗಳ ರಾತ್ರಿಪಾಳಿಯ ಅಂಕಣದಲ್ಲಿ ಹೊಸದಾಗಿ ಸೇರಿದವಳ ಹೆಸರು ಎಷ್ಟು ಸಲ ಬಂದಿದೆ, ಆಕೆಯ ಜೊತೆಗೆ ಇನ್ನೊಂದು ಹೆಸರಿದೆಯೆ, ಮತ್ತು ಆಕೆಯ ಹೆಸರು ಯಾವ ತಿಂಗಳಿನಿಂದ ಪಟ್ಟಿಯಲ್ಲಿ ಕಾಣಿಸುವುದಿಲ್ಲ ಎಂಬುವನ್ನು ಮೊದಲು ಎಣಿಸಬೇಕು.